ನಲವತ್ತು ದಾಟಿದ ಮೇಲೆ ಕಯಾಕಿಂಗ್ ಕಲೀಬಹುದಾ? ತುಮಕೂರು ಕಡೆಯವರು ಹೇಳಿ

ತುಮಕೂರು ಟೀಚರ್:
ಎಲ್ಲರಿಗೂ ನಮಸ್ಕಾರ. ನನಗೆ 43, ಹೈಸ್ಕೂಲ್ ಟೀಚರ್, ಈಜು ಬರಲ್ಲ. ದಸರಾ ರಜದಲ್ಲಿ ಸಾಲಿಗ್ರಾಮದ ಹತ್ರ ಸೀತಾ ನದಿ ಹಿನ್ನೀರಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮಧ್ಯೆ ಕಯಾಕ್ ಮಾಡಿದ್ವಿ. ಡಬಲ್ ಕಯಾಕು, ಅಂದ್ರೆ ಇಬ್ರು ಕೂರೋ ಸಣ್ಣ ದೋಣಿ, ನಮ್ಮೆಜಮಾನ್ರು ಹಿಂದೆ ಕೂತು ಎಲ್ಲಾ ತಿರುಗಿಸ್ತಿದ್ರು, ನಾನು ಮುಂದೆ ಸುಮ್ನೆ ಹುಟ್ಟು ಹಾಕ್ತಿದ್ದೆ ಅಷ್ಟೆ, ಆದ್ರೂ ಅವತ್ತಿಂದ ಅದೇ ಗುಂಗು. ಸರಿಯಾಗಿ ಕಲೀಬೇಕು. ನಮ್ ಸ್ಕೂಲಲ್ಲಿ ಇನ್ನೂ ಮೂರು ಜನ ಮೇಡಂಗಳಿಗೆ ಆಸೆ ಇದೆ, ಒಬ್ರಿಗೆ ಮನೇಲಿ ಈ ವಯಸ್ಸಲ್ಲಿ ನೀರಾಟ ಯಾಕೆ ಅಂತಾರಂತೆ, ಇನ್ನೊಬ್ರಿಗೆ ತೋಳಲ್ಲಿ ಶಕ್ತಿ ಇಲ್ಲ ಅಂತ ಭಯ. ಅಮಾನಿಕೆರೆ ಸುತ್ತ ವಾಕಿಂಗ್ ಹೋದಾಗೆಲ್ಲ ಇದೇ ಮಾತು. ಎಲ್ಲಿ ಶುರು ಮಾಡೋದು, ಏನು ಹಾಕ್ಕೊಂಡು ಹೋಗೋದು?

ನಂದಿ ತಪ್ಪಲು:
ಮೇಡಂ ಖಂಡಿತ ಕಲೀಬಹುದು, ನಾನೂ ಮಕ್ಕಳು ಕಾಲೇಜಿಗೆ ಹೋದ್ಮೇಲೇ ಶುರು ಮಾಡಿದ್ದು. ಮೊದಲು ಇದೊಂದು ಮಾಡಿ, ಇನ್ಮೇಲೆ ಡಬಲ್ ಹತ್ತಬೇಡಿ. ಅದರಲ್ಲಿ ದೋಣಿ ತಿರುಗಿಸೋದು ಹಿಂದೆ ಕೂತವರು, ಮುಂದೆ ಕೂತವರಿಗೆ ಎಷ್ಟು ಸಲ ಹೋದ್ರೂ ದೋಣಿ ಕೈಗೆ ಬರಲ್ಲ, ನಮ್ ಹೆಣ್ಮಕ್ಕಳನ್ನ ಎಲ್ಲರೂ ಮುಂದೇನೇ ಕೂರಿಸ್ತಾರೆ. ನಿಮ್ಮದೇ ಸಿಂಗಲ್ ಕಯಾಕ್ ಕೇಳಿ, ಮೇಲ್ಗಡೆ ಕೂರೋ ಥರದ್ದು, ಸಿಟ್ ಆನ್ ಟಾಪ್ ಅಂತಾರೆ, ಮಗುಚಿದ್ರೂ ಒಳಗೆ ಕಾಲು ಸಿಕ್ಕೊಳಲ್ಲ, ಮೇಲೆ ಬಿದ್ದ ನೀರು ತೂತಿಂದ ಕೆಳಗೆ ಹೋಗುತ್ತೆ.

ತೋಳಿನ ಶಕ್ತಿ ಚಿಂತೆ ಬಿಡಿ. ಕೈಯಲ್ಲಿ ಎಳೆದ್ರೆ ಅರ್ಧ ಗಂಟೇಲಿ ಭುಜ ಹೋಗುತ್ತೆ. ಹುಟ್ಟನ್ನ ಪಾದದ ಹತ್ರ ನೀರಿಗೆ ಇಳಿಸಿ, ಸೊಂಟದಿಂದ ಮೇಲಿನ ಮೈ ತಿರುಗಿಸಿ, ಅದೇ ಕಡೆ ಕಾಲಲ್ಲಿ ಒತ್ತಿ, ಸೊಂಟದ ಹತ್ರ ಬಂದಾಗ ಹುಟ್ಟು ತೆಗೀರಿ. ಬೀಸೋಕಲ್ಲಲ್ಲಿ ರಾಗಿ ಬೀಸುವಾಗ ಮೈ ಪೂರ್ತಿ ತಿರುಗುತ್ತಲ್ಲ, ಹಾಗೆ. ಹಿಡಿತ ಸಡಿಲ ಇರಲಿ. ಮತ್ತೆ ಬೀಳೋದನ್ನ ಮೊದಲ ದಿನಾನೇ ಕಲೀರಿ, ಎದೆಮಟ್ಟ ನೀರಲ್ಲಿ, ಟ್ರೈನರ್ ಪಕ್ಕದಲ್ಲಿ ನಿಂತಿರುವಾಗ ಬೇಕಂತಲೇ ಮಗುಚಿ. ದೋಣಿ ಬಿಡಬೇಡಿ, ಕಾಲು ಬಡಿದು ಹೊಟ್ಟೆ ಮೇಲೆ ಅಡ್ಡ ಮಲಗಿ ಆಮೇಲೆ ತಿರುಗಿ ಕೂತ್ಕೊಳ್ಳಿ. ಇದು ಬಂದ್ಮೇಲೆ ಅರ್ಧ ಭಯ ಹೋಗುತ್ತೆ, ನಿಜವಾಗ್ಲೂ. ಈಜಂತೂ ಜೊತೆಜೊತೆಗೇ ಕಲೀರಿ.

ಕೋಲಾರದ ಹುಡುಗ:
ಅಕ್ಕ ಹೇಳಿದ್ದೆಲ್ಲ ಸರಿ. ಒಂದೇ ಮನವಿ, ಊರ ಕೆರೆಗೆ ನೀವೇ ಗಾಳಿ ತುಂಬೋ ಟ್ಯೂಬ್ ಕಯಾಕ್ ತಂದು ಇಳೀಬೇಡಿ. ನಮ್ ಕಡೆ ಮಣ್ಣು ತೆಗೆದ ಗುಂಡಿಗಳಿವೆ, ಮಂಡಿ ನೀರು ಅಂತ ಕಾಲಿಟ್ರೆ ಮುಂದಿನ ಹೆಜ್ಜೆಗೆ ಆಳ. ಮೀನು ಬಲೆಗೆ ಕೈಕಾಲು ಸುತ್ಕೊಳುತ್ತೆ, ತೂಬಿನ ಹತ್ರ ಸೆಳೆತ ಇರುತ್ತೆ, ಕೋಡಿ ಹರಿಯುವಾಗ ಆ ಕಡೆ ಸುಳೀಲೇಬಾರ್ದು. 2018ರಿಂದ ಕೆ.ಸಿ. ವ್ಯಾಲಿ ನೀರು ಬಂದು ನಮ್ ಕೆರೆಗಳು ತುಂಬಿವೆ, ನೋಡೋಕೆ ಖುಷಿ, ಆದ್ರೆ ಅದು ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿ ಬಿಡೋದು, ಬಿದ್ದು ಕಲಿಯೋ ನೀರಲ್ಲ. ನಿಮ್ ಬುಗುಡನಹಳ್ಳಿ ಕೆರೆ ಊರಿಗೆ ಕುಡಿಯೋಕೆ ಹೋಗೋದು, ಅದೂ ಬೇಡ.

ಶಿರಾ ಸೊಸೆ:
ನಿಮಗೆ ತಾಳಗುಪ್ಪ ಟ್ರೈನ್ ಇದೆಯಲ್ಲ ಮೇಡಂ! ರಾತ್ರಿ ತುಮಕೂರಲ್ಲಿ ಹತ್ತಿದ್ರೆ ಬೆಳಿಗ್ಗೆ ತಾಳಗುಪ್ಪ, ಅಲ್ಲಿಂದ ಹೊನ್ನೇಮರಡು ಹತ್ರಾನೇ. ಲಿಂಗನಮಕ್ಕಿ ಡ್ಯಾಮ್ ಹಿನ್ನೀರು, ಕಯಾಕಿಂಗ್ ಮಾಡೋಕೆ ಹೋಗೋ ಜಾಗ, ಮಳೆಗಾಲ ಕಳೆದ್ಮೇಲೆ ಹೋಗಿ, ಫೋನ್ ಮಾಡಿ ಕೇಳ್ಕೊಂಡೇ ಹೊರಡಿ. ಕೇಳುವಾಗ ಬಟ್ಟೆ ಬದಲಾಯಿಸೋ ರೂಮು, ಟಾಯ್ಲೆಟ್ ಇದೆಯಾ ಅಂತ ನಾಚಿಕೆ ಇಲ್ದೆ ಕೇಳಿ, ಎಷ್ಟೋ ಹೆಂಗಸ್ರು ಅದಕ್ಕೇ ಹಿಂದೆ ಸರಿಯೋದು.

ಬಟ್ಟೆ ಅಂದ್ರೆ ಲೆಗ್ಗಿಂಗ್ಸು, ಬೇಗ ಒಣಗೋ ತುಂಬುತೋಳಿನ ಟೀ ಶರ್ಟು. ದುಪಟ್ಟಾ, ಸೀರೆ ಬೇಡವೇ ಬೇಡ. ಸರ ಬಳೆ ತೆಗೆದಿಡಿ, ಹಿಮ್ಮಡಿಗೆ ಪಟ್ಟಿ ಇರೋ ಚಪ್ಪಲಿ ಹಾಕಿ. ಲೈಫ್ ಜಾಕೆಟ್ ಬಕಲ್ ಹಾಕಿದ್ಮೇಲೆ ಭುಜದ ಹತ್ರ ಯಾರಿಗಾದ್ರೂ ಮೇಲಕ್ಕೆ ಎಳೆಯೋಕೆ ಹೇಳಿ, ಕಿವಿವರೆಗೂ ಬಂದ್ರೆ ಅದು ದೊಡ್ಡದು, ಬೇರೆ ಕೇಳಿ.

ಮನೇಲಿ ಬೇಡ ಅನ್ನೋರಿಗೆ ಪ್ರಾಚಿ ಯಾದವ್ ವಿಡಿಯೊ ತೋರಿಸಿ. ಗ್ವಾಲಿಯರ್ ಹುಡುಗಿ, ಸೊಂಟದ ಕೆಳಗೆ ಸ್ವಾಧೀನ ಇಲ್ಲ, ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ದೋಣಿ ಸ್ಪರ್ಧೆಯ ಫೈನಲ್ ತಲುಪಿದ್ರು, 2023ರಲ್ಲಿ ಹಾಂಗ್‌ಝೌ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಕಯಾಕ್‌ನಲ್ಲೇ ಚಿನ್ನ. ಒಲಿಂಪಿಕ್ಸಲ್ಲಿ ಹೆಂಗಸರ ಕಯಾಕಿಂಗ್ 1948ರಿಂದಾನೇ ಇದೆ, ಇದೇನು ಹೊಸದಲ್ಲ.

ತುಮಕೂರು ಟೀಚರ್:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಡಬಲ್ ವಿಷ್ಯ ಓದಿ ನಮ್ಮೆಜಮಾನ್ರೂ ಹೌದು ಅಂದ್ರು. ನಾವು ನಾಲ್ಕೂ ಜನ ಕ್ರಿಸ್‌ಮಸ್ ರಜಕ್ಕೆ ಅಂತ ಮಾತಾಡಿದೀವಿ, ನಾಲ್ಕೂ ಸಿಂಗಲ್. ನಂಗೆ ಕನ್ನಡಕ ಇಲ್ದೆ ದೂರದ್ದು ಕಾಣಲ್ಲ, ಏನ್ಮಾಡ್ಲಿ?

ನಂದಿ ತಪ್ಪಲು:
ಹಾಕ್ಕೊಂಡೇ ಹೋಗಿ ಮೇಡಂ, ಹಿಂದೆ ದಾರ ಕಟ್ಟಿಸಿ, ಕನ್ನಡಕದ ಅಂಗಡೀಲೇ ಸಿಗುತ್ತೆ. ಹಳೇದೊಂದು ಇದ್ರೆ ಅದನ್ನೇ ಹಾಕಿ.