ಪಂಪಿನ ಪ್ರಸಂಗದ ನಂತರದ ಆ್ಯನ್ ಸಲಿವನ್

ಪ್ರಶ್ನೆ: ದೃಷ್ಟಿ, ಶ್ರವಣ ಎರಡೂ ಇಲ್ಲದ ಹೆಲೆನ್ ಕೆಲರ್ ಅವರ ಶಿಕ್ಷಕಿ ಆ್ಯನ್ ಸಲಿವನ್ (1866–1936) ಅವರನ್ನು ನೀರಿನ ಪಂಪಿನ ಪ್ರಸಂಗಕ್ಕಷ್ಟೇ (ಬಾಲಕಿ ಹೆಲೆನ್‌ಳ ಒಂದು ಕೈಮೇಲೆ ನೀರು ಹರಿಯುತ್ತಿದ್ದಾಗ ಇನ್ನೊಂದು ಕೈಗೆ ‘ನೀರು’ ಎಂಬ ಪದವನ್ನು ಬರೆದು, ಪದಗಳಿಗೆ ಅರ್ಥವಿದೆಯೆಂದು ತಿಳಿಸಿದ ಘಟನೆ) ನೆನೆಯುತ್ತೇವೆ. ನಂತರದ ದಶಕಗಳಲ್ಲಿ ಅವರು ಮಾಡಿದ ಕೆಲಸವೇನು?

ಉತ್ತರ: ಕಾಲೇಜಿನ ವರ್ಷಗಳೇ ಹೆಚ್ಚು ಕಠಿಣವಾಗಿದ್ದವೆಂದು ನನ್ನ ಅಭಿಪ್ರಾಯ. ಹೆಲೆನ್ ಓದಿದ ಅಮೆರಿಕದ ರ‍್ಯಾಡ್‌ಕ್ಲಿಫ್ ಕಾಲೇಜಿನಲ್ಲಿ ಪಕ್ಕದಲ್ಲೇ ಕುಳಿತು, ಉಪನ್ಯಾಸಗಳನ್ನೂ ಬ್ರೈಲ್ ಲಿಪಿಯಲ್ಲಿ ದೊರೆಯದ ಪುಸ್ತಕಗಳನ್ನೂ ಬೆರಳಕ್ಷರಗಳ ಮೂಲಕ ಹೆಲೆನ್ ಅವರ ಅಂಗೈಗೆ ದಾಟಿಸುತ್ತಿದ್ದರು. ಬಾಲ್ಯದ ಟ್ರಕೋಮಾ ಎಂಬ ಕಣ್ಣಿನ ಸೋಂಕಿನಿಂದ ಸಲಿವನ್ ಅವರ ಸ್ವಂತ ದೃಷ್ಟಿಯೇ ದುರ್ಬಲವಾಗಿತ್ತೆಂಬುದನ್ನು ಮರೆಯಬಾರದು. 1904ರಲ್ಲಿ ಹೆಲೆನ್ ಪದವಿ ಪಡೆದರು.

ಮತ್ತೊಂದು ಉತ್ತರ: ಅವರ ವಿಧಾನವೂ ಗಮನಾರ್ಹ. 1887ರಲ್ಲಿ ಹೆಲೆನ್ ಅವರ ಮನೆಯಿದ್ದ ಅಲಬಾಮಾ ರಾಜ್ಯಕ್ಕೆ ಬಂದ ಕೆಲವೇ ವಾರಗಳಲ್ಲಿ ನಿಗದಿತ ಪಾಠಗಳನ್ನು ಕೈಬಿಟ್ಟು, ಮಾತು ಕಲಿಯುವ ಮಗುವಿನೊಡನೆ ಮನೆಯವರು ಮಾತನಾಡುವಂತೆಯೇ ಪೂರ್ಣ ವಾಕ್ಯಗಳನ್ನು ಅಂಗೈಗೆ ಬರೆಯತೊಡಗಿದರು.

ಪ್ರಶ್ನಿಸಿದವರು: ಧನ್ಯವಾದಗಳು. ಅವರ ದೃಷ್ಟಿ ಕೊನೆಯವರೆಗೂ ಉಳಿದಿತ್ತೇ?

ಉತ್ತರ: ಇಲ್ಲ, ಕೊನೆಯ ವರ್ಷಗಳಲ್ಲಿ ಬಹುತೇಕ ಅಂಧರಾಗಿದ್ದರು, 1914ರಿಂದ ಜೊತೆಗಿದ್ದ ಸಹಾಯಕಿ ಪಾಲಿ ಥಾಮ್ಸನ್ ಕ್ರಮೇಣ ಅವರ ಹೊಣೆಯನ್ನು ವಹಿಸಿಕೊಂಡರು.