ಡಾಕ್ಟರನ್ನು ಕೇಳಿ: ವಿಪರೀತ ಗಾಬರಿ, ಅದರ ಮಾತ್ರೆಗಳು

ಅಡ್ಮಿನ್: ಇವತ್ತು ಸಂಜೆ ಮನೋವೈದ್ಯೆ ಮೇಡಂ ನಮ್ಮ ಗುಂಪಿನಲ್ಲಿ ಇರುತ್ತಾರೆ. ಹೆಸರು ಬೇಡ, ಊರು ಹಾಕಿ ಸಾಕು. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ತಿಪಟೂರು: ನಮಸ್ತೆ ಮೇಡಂ. ವಯಸ್ಸು 31. ಬಸ್ಸಿನಲ್ಲಿ ಕೂತರೆ ಎದೆ ಡವಡವ, ಕೈ ಜೋಮು, ಈಗಲೇ ಸತ್ತುಹೋಗುತ್ತೇನೆ ಅನ್ನಿಸುತ್ತದೆ. ಇಸಿಜಿ, ಎಕೋ ಎರಡೂ ನಾರ್ಮಲ್. ಹತ್ತು ದಿನದ ಹಿಂದೆ ಎಸ್ಸಿಟಾಲೊಪ್ರಾಮ್ 10 ಮಿಲಿಗ್ರಾಂ ಶುರು ಮಾಡಿದರು. ಗಾಬರಿ ಕಡಿಮೆ ಆಗುವುದಿರಲಿ, ಜಾಸ್ತಿಯೇ ಆಗಿದೆ. ಹೊಟ್ಟೆ ತೊಳಸುತ್ತದೆ. ಈ ಮಾತ್ರೆ ನನಗೆ ಆಗಿಬರುವುದಿಲ್ಲ ಅಂತಲಾ?

ಡಾಕ್ಟರ್: ಅಷ್ಟು ಬೇಗ ಹೇಳಲಾಗದು. ಈ ಗುಂಪಿನ ಮಾತ್ರೆ ಕೆಲಸ ಶುರು ಮಾಡುವುದಕ್ಕೇ 2ರಿಂದ 4 ವಾರ ಬೇಕು. ಪೂರ್ತಿ ಗುಣ ಗೊತ್ತಾಗಲು 6ರಿಂದ 8 ವಾರ. ಮೊದಲ ಒಂದೆರಡು ವಾರ ಚಡಪಡಿಕೆ, ವಾಕರಿಕೆ ಬರುವುದು ತುಂಬಾ ಜನರಿಗೆ ಇದ್ದದ್ದೇ. ಅದಕ್ಕೇ ಗಾಬರಿ ಕಾಯಿಲೆಯವರಿಗೆ ನಾವು 5ರಿಂದ ಶುರು ಮಾಡುತ್ತೇವೆ. ಬರೆದುಕೊಟ್ಟವರಿಗೆ ಫೋನ್ ಮಾಡಿ, 5ಕ್ಕೆ ಇಳಿಸಲೇ ಅಂತ ಕೇಳಿ. ನೀವೇ ನಿಲ್ಲಿಸಬೇಡಿ. ಊಟ ಆದಮೇಲೆ ತೆಗೆದುಕೊಳ್ಳಿ. ಕೂತಲ್ಲಿ ಕೂರಲು ಆಗುತ್ತಿಲ್ಲ, ಸಾಯುವ ಯೋಚನೆ ಬರುತ್ತಿದೆ ಅಂದರೆ ಅವತ್ತೇ ಅವರನ್ನು ನೋಡಬೇಕು. ಥೈರಾಯ್ಡ್ ಮಾಡಿಸಿದ್ದೀರಾ? ದಿನಕ್ಕೆ ಕಾಫಿ ಎಷ್ಟು?

ತಿಪಟೂರು: ಥೈರಾಯ್ಡ್ ಇಲ್ಲ ಮೇಡಂ. ಕಾಫಿ ಐದಾರು ಲೋಟ.

ಡಾಕ್ಟರ್: ಥೈರಾಯ್ಡ್ ಮಾಡಿಸಿ. ಕಾಫಿ ಎರಡಕ್ಕೆ ಇಳಿಸಿ.

ಚಿಕ್ಕಮಗಳೂರು: ಕಾಫಿ ಮೇಲೆ ಯಾಕೆ ಮೇಡಂ ಸಿಟ್ಟು? ನಮ್ಮ ತಾತ ದಿನಕ್ಕೆ ಎಂಟು ಲೋಟ ಕುಡಿದು 90 ದಾಟಿದರು.

ಡಾಕ್ಟರ್: ತಾತನಿಗೆ ಗಾಬರಿ ಕಾಯಿಲೆ ಇತ್ತಾ?

ದಾವಣಗೆರೆ: ಈ ಮಾತ್ರೆಗಳು ಚಟ ಆಗುತ್ತವಾ?

ಡಾಕ್ಟರ್: ಎರಡು ಜಾತಿ ಇವೆ. ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್ ಥರದವು ನಿಧಾನ. ಚಟ ಹಿಡಿಸುವುದಿಲ್ಲ. ಥಟ್ಟನೆ ಬಿಟ್ಟರೆ ಮಾತ್ರ ತಲೆ ಜುಂ ಅನ್ನುತ್ತದೆ, ಹಾಗಾಗಿ ಹಂತ ಹಂತವಾಗಿ ಬಿಡಿಸುತ್ತೇವೆ. ಆಲ್ಪ್ರಜೋಲಾಮ್, ಕ್ಲೊನಜೆಪಾಮ್ ಬೇರೆ ಜಾತಿ. ನುಂಗಿದ ಸ್ವಲ್ಪ ಹೊತ್ತಿಗೇ ಹಾಯೆನಿಸುತ್ತದೆ. ಚಟ ಹಿಡಿಸುವುದು ಇವೇ. ಶುರುವಿನ ಕೆಲವು ವಾರ ಊರುಗೋಲಾಗಿ ಕೊಡುತ್ತೇವೆ, ವರ್ಷಗಟ್ಟಲೆ ನುಂಗುವುದಕ್ಕಲ್ಲ.

ಹೊಸಪೇಟೆ: ವೇದಿಕೆ ಮೇಲೆ ನಿಂತರೆ ಕೈ ನಡುಗುತ್ತದೆ. ಪ್ರೊಪ್ರಾನೊಲಾಲ್ ತೆಗೆದುಕೊಳ್ಳಬಹುದಾ?

ಡಾಕ್ಟರ್: ಉಬ್ಬಸ ಇದೆಯಾ?

ಹೊಸಪೇಟೆ: ಚಿಕ್ಕಂದಿನಿಂದ ಇನ್‌ಹೇಲರ್ ಇದೆ.

ಡಾಕ್ಟರ್: ಹಾಗಾದರೆ ಮುಟ್ಟಲೇಬೇಡಿ.

ಮೂಡಬಿದಿರೆ: ಮೇಡಂ, ಮಗುವಿಗೆ ಮೂರು ತಿಂಗಳು. ಸರ್ಟ್ರಾಲಿನ್ ಬರೆದಿದ್ದಾರೆ. ಎದೆಹಾಲು ಕೊಡಬಹುದಾ? ಅತ್ತೆ ಬೇಡ ಅನ್ನುತ್ತಿದ್ದಾರೆ.

ಅರಸೀಕೆರೆ: ಅಮ್ಮನಿಗೆ 57 ವರ್ಷ. ಅಪ್ಪ ತೀರಿಕೊಂಡಾಗ ನಿದ್ದೆ ಬರುತ್ತಿಲ್ಲ ಅಂತ ಆಲ್ಪ್ರಜೋಲಾಮ್ 0.5 ಬರೆದುಕೊಟ್ಟಿದ್ದರು. ಅದೇ ಹಳೇ ಚೀಟಿ ತೋರಿಸಿ ಅಂಗಡಿಯಲ್ಲಿ ತರುತ್ತಾ ನಾಲ್ಕು ವರ್ಷ ಆಯಿತು. ಈಗ ದಿನಕ್ಕೆ ಮೂರು. ಮೊನ್ನೆ ಅಣ್ಣ ಯಾವುದೋ ವಿಡಿಯೋ ನೋಡಿ ಎಲ್ಲ ಸ್ಟ್ರಿಪ್ ಒಲೆಗೆ ಹಾಕಿದ. ರಾತ್ರಿ ಜಾಯಿಕಾಯಿ ಹಾಲು ಕೊಡುತ್ತಿದ್ದಾನೆ. ಇವತ್ತು ಮೂರನೇ ದಿನ. ಕೈ ನಡುಗುತ್ತಿದೆ, ವಿಪರೀತ ಬೆವರು, ಎರಡು ರಾತ್ರಿಯಿಂದ ನಿದ್ದೆ ಇಲ್ಲ. ಗೋಡೆ ಮೇಲೆ ಇರುವೆ ಹರಿಯುತ್ತಿವೆ ಅನ್ನುತ್ತಿದ್ದಾರೆ. ನಮಗೇನೂ ಕಾಣುತ್ತಿಲ್ಲ. ಪ್ರಾಣಾಯಾಮ ಮಾಡಿಸಲಾ?

ಡಾಕ್ಟರ್: ಪ್ರಾಣಾಯಾಮ ಆಮೇಲೆ. ಮೊದಲು ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಳೆ ಅಲ್ಲ, ಈಗ. ಗಾಡಿ ಇಲ್ಲದಿದ್ದರೆ 108. ದಾರಿಯಲ್ಲಿ ಓದಿಕೊಳ್ಳಿ.

ಈ ಮಾತ್ರೆ ಮಿದುಳಿಗೆ ಬ್ರೇಕ್ ಇದ್ದ ಹಾಗೆ. ನಾಲ್ಕು ವರ್ಷ ಹೊರಗಿನಿಂದ ಬ್ರೇಕ್ ಸಿಕ್ಕಿ, ಮಿದುಳು ತನ್ನದೇ ಬ್ರೇಕನ್ನು ಸಡಿಲ ಮಾಡಿಕೊಂಡಿದೆ. ಒಮ್ಮೆಲೇ ತೆಗೆದರೆ ಎಲ್ಲವೂ ಕಿತ್ತುಕೊಂಡು ಓಡುತ್ತದೆ. ನಡುಕ, ಬೆವರು, ನಿದ್ದೆಗೇಡು ಶುರು ಅಷ್ಟೇ. ಇಲ್ಲದ ಇರುವೆ ಕಾಣುತ್ತಿದೆ ಅಂದರೆ ಮುಂದಿನ ಹಂತಕ್ಕೆ ಬಂದಿದ್ದಾರೆ. ಇದಾದ ಮೇಲೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಆಲ್ಪ್ರಜೋಲಾಮ್ ದೇಹದಿಂದ ಬೇಗ ಇಳಿಯುವ ಮಾತ್ರೆ, ಆದ್ದರಿಂದ ತೊಂದರೆಯೂ ಬೇಗ ಏರುತ್ತದೆ.

ಡ್ಯೂಟಿ ಡಾಕ್ಟರಿಗೆ "ನಿದ್ದೆ ಮಾತ್ರೆ ಬಿಟ್ಟಿದ್ದಾರೆ" ಅಂತ ಮಾತ್ರ ಹೇಳಬೇಡಿ. ಮಾತ್ರೆಯ ಹೆಸರು, 0.5, ದಿನಕ್ಕೆ ಮೂರು, ನಾಲ್ಕು ವರ್ಷ, ಕೊನೆಯ ಮಾತ್ರೆ ಯಾವಾಗ, ಎಲ್ಲ ಹೇಳಿ. ಜಾಯಿಕಾಯಿ ಎಷ್ಟು ಹೋಗಿದೆ ಅಂತಲೂ ಹೇಳಿ, ಅದರಿಂದಲೂ ಇಲ್ಲದ್ದು ಕಾಣಬಹುದು. ಬಿಪಿ, ಸಕ್ಕರೆ ಮಾತ್ರೆ ಇದ್ದರೆ ಚೀಲಕ್ಕೆ ಹಾಕಿಕೊಳ್ಳಿ. ದಾರಿಯಲ್ಲಿ ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನೂ ತುರುಕಬೇಡಿ. ಕೈಗೆ ಬೀಗದ ಕೈ ಕೊಡುವುದೆಲ್ಲ ಬೇಡ.

ಅಲ್ಲಿ ಬಹುಶಃ ಇದೇ ಜಾತಿಯ ಔಷಧಿಯನ್ನು ಮತ್ತೆ ಕೊಡುತ್ತಾರೆ. "ಅಯ್ಯೋ ಮತ್ತೆ ಅದೇನಾ" ಅಂತ ಜಗಳ ಆಡಬೇಡಿ, ಸರಿಯಾದ ದಾರಿ ಅದೇ. ಸಾಮಾನ್ಯವಾಗಿ ನಿಧಾನಕ್ಕೆ ಇಳಿಯುವ ಡಯಾಜೆಪಾಮ್‌ಗೆ ಬದಲಾಯಿಸಿ, ವಾರ ಎರಡು ವಾರಕ್ಕೊಮ್ಮೆ ಸುಮಾರು ಹತ್ತನೇ ಒಂದು ಪಾಲು ಕಡಿಮೆ ಮಾಡುತ್ತಾ ಹೋಗುತ್ತೇವೆ. ತಿಂಗಳುಗಳೇ ಬೇಕು. ಜೊತೆಗೆ ಮೂಲ ಕಾಯಿಲೆ ನೋಡಬೇಕು. ಗಂಡ ಹೋದ ದುಃಖದ ಬಗ್ಗೆ ಈ ನಾಲ್ಕು ವರ್ಷದಲ್ಲಿ ಅವರ ಹತ್ತಿರ ಯಾರಾದರೂ ಕೂತು ಮಾತಾಡಿದ್ದಾರಾ?

ಅಮ್ಮನನ್ನು ಬೈಯಬೇಡಿ. ಇದು ಶೆಡ್ಯೂಲ್ ಎಚ್1 ಔಷಧಿ. ಚೀಟಿ ನೋಡಿ, ರಿಜಿಸ್ಟರಿನಲ್ಲಿ ಬರೆದು ಕೊಡಬೇಕಾದದ್ದು. ನಾಲ್ಕು ವರ್ಷದ ಹಳೇ ಚೀಟಿಗೆ ಕೊಟ್ಟವರನ್ನು ಬೈಯಿರಿ. ಹೊರಟಿರಾ?

ಅರಸೀಕೆರೆ: ಹೊರಟೆವು ಮೇಡಂ.

ಶಿರಸಿ: ಇಂಗ್ಲಿಷ್ ಔಷಧಿ ತಂದಿಟ್ಟ ಅವಾಂತರ ನೋಡಿ. ಒಂದು ಇಡೀ ಜಾಯಿಕಾಯಿ ಪುಡಿ ಮಾಡಿ ಬಿಸಿ ಹಾಲಿಗೆ ಹಾಕಿ 21 ದಿನ ಕುಡಿದರೆ ಗಾಬರಿ ಬುಡಸಮೇತ ಹೋಗುತ್ತದೆ. ಹತ್ತು ಜನಕ್ಕೆ ಕಳಿಸಿ.

ಡಾಕ್ಟರ್: ಯಾರಿಗೂ ಕಳಿಸಬೇಡಿ. ಮಗುವಿಗೆ ತೇದು ನೆಕ್ಕಿಸುವುದು ಚಿಟಿಕೆಗಿಂತ ಕಡಿಮೆ. ಒಂದು ಇಡೀ ಕಾಯಿ ಅಂದರೆ ಸುಮಾರು 5 ಗ್ರಾಂ. ಅಷ್ಟು ಹೊಟ್ಟೆಗೆ ಹೋದರೆ ಎದೆಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ತಲೆ ಕೆಡುತ್ತದೆ. ಗಾಬರಿಗೆ ಮದ್ದು ಅಂತ ಗಾಬರಿಯನ್ನೇ ಕುಡಿಸುತ್ತಿದ್ದೀರಿ. ಅಡ್ಮಿನ್, ಇದನ್ನು ತೆಗೆಯಿರಿ.

ಶಿರಸಿ: ನಮ್ಮ ಹಿರಿಯರು ದಡ್ಡರಾ? ಅಶ್ವಗಂಧಕ್ಕೂ ಬೇಡ ಅನ್ನುತ್ತೀರಾ?

ಡಾಕ್ಟರ್: ನಿಮ್ಮ ಹಿರಿಯರು ಇಡೀ ಜಾಯಿಕಾಯಿ ಕುಡಿಸುತ್ತಿರಲಿಲ್ಲ. ಅಶ್ವಗಂಧದಿಂದ ಲಿವರ್ ಕೆಟ್ಟ ಕೇಸುಗಳು ವರದಿಯಾಗಿವೆ. ಥೈರಾಯ್ಡ್ ಏರಿಸಬಹುದು. ನಿದ್ದೆ ಮಾತ್ರೆ ಜೊತೆ ಸೇರಿದರೆ ಮಂಪರು ಜಾಸ್ತಿ. ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳಿ ತೆಗೆದುಕೊಳ್ಳಿ.

ಬಳ್ಳಾರಿ: ಶಿರಸಿಯವರೇ, ನನ್ನ ತಮ್ಮ ಎರಡು ವರ್ಷ ಮನೆಯಿಂದ ಆಚೆ ಬಂದಿರಲಿಲ್ಲ. ಸರ್ಟ್ರಾಲಿನ್ ಮತ್ತು ಕೌನ್ಸೆಲಿಂಗ್ ಆದಮೇಲೆ ಈಗ ಡ್ಯೂಟಿಗೆ ಹೋಗುತ್ತಿದ್ದಾನೆ. ಸುಮ್ನೆ ಹೆದರಿಸಬೇಡಿ.

ಶಿರಸಿ: ಅಂದರೆ ಜೀವನಪೂರ್ತಿ ಗುಲಾಮ. ಮದುವೆ ಮಾಡುವಾಗ ಹೆಣ್ಣಿನ ಕಡೆಯವರಿಗೆ ಏನು ಹೇಳುತ್ತೀರಿ?

ಬಳ್ಳಾರಿ: ಬಿಪಿ ಮಾತ್ರೆ ನುಂಗುವವರಿಗೆ ಈ ಪ್ರಶ್ನೆ ಕೇಳುತ್ತೀರಾ? ಹಳ್ಳಿಯ ಆಸ್ಪತ್ರೆಗಳಲ್ಲೂ ಮನಸ್ಸಿನ ಕಾಯಿಲೆಗೆ ಔಷಧಿ ಕೊಡಬಹುದು ಅಂತ 1980ರ ದಶಕದಲ್ಲಿ ದೇಶಕ್ಕೇ ತೋರಿಸಿದ್ದು ನಮ್ಮ ಜಿಲ್ಲೆ. ನಿಮ್ಹಾನ್ಸ್‌ನವರು ಇಲ್ಲಿ ಮಾಡಿದ್ದನ್ನೇ ಆಮೇಲೆ ಬೇರೆ ಜಿಲ್ಲೆಗಳಿಗೆ ಒಯ್ದರು. ನೀವು ಇನ್ನೂ ಹೆಣ್ಣಿನ ಕಡೆಯವರ ಹತ್ತಿರವೇ ಇದ್ದೀರಿ.

ಶಿರಸಿ: ವೈಯಕ್ತಿಕ ಬೇಡ.

ಬಳ್ಳಾರಿ: ನನ್ನ ತಮ್ಮನ ಮದುವೆ ತಂದವರು ಯಾರು?

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ದುಬೈ: ರಜೆಗೆ ಬಂದಿದ್ದೇನೆ. ಕ್ಲೊನಜೆಪಾಮ್ ಇಲ್ಲಿಂದ ಒಯ್ಯಬಹುದಾ?

ಮಂಗಳೂರು: ಸುಮ್ನೆ ಬ್ಯಾಗಿಗೆ ಹಾಕಿಕೊಂಡು ಹೋಗಬೇಡಿ ಮಾರಾಯ್ರೆ. ಅಲ್ಲಿನ ಆರೋಗ್ಯ ಇಲಾಖೆಯ ಅನುಮತಿ ಮೊದಲೇ ತೆಗೆದುಕೊಳ್ಳಬೇಕು. ಡಾಕ್ಟರ ಚೀಟಿಯೂ ಬೇಕು.

ಕುಷ್ಟಗಿ: ನಮ್ಮ ಕಡೆ ಮನೋವೈದ್ಯರೇ ಸಿಗುವುದಿಲ್ಲ. ಕೌನ್ಸೆಲಿಂಗ್ ಅಂದರೆ ಯಾರ ಹತ್ತಿರ ಹೋಗಬೇಕ್ರೀ?

ಡಾಕ್ಟರ್: 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರಿನಿಂದ ಇದೆ, ಪುಕ್ಕಟೆ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಇದೆಯಾ ವಿಚಾರಿಸಿ. ಗಾಬರಿ ಬಂದಾಗ ಓಡಿಹೋಗದೆ ಅಲ್ಲೇ ನಿಲ್ಲುವುದನ್ನು ಕಲಿಸುವ ಚಿಕಿತ್ಸೆ ಇದೆ, ಸಿಬಿಟಿ ಅಂತ. ಮಾತ್ರೆಯಷ್ಟೇ ಕೆಲಸ ಮಾಡುತ್ತದೆ. ಕೇಳಿ ಪಡೆಯಿರಿ.

ಕೋಲಾರ: ಮೇಡಂ, ಮಾತ್ರೆ ಚಟ ಆಗುತ್ತಾ?

ಡಾಕ್ಟರ್: ಮೇಲೆ ಓದಿ.

ಗದಗ: ಮಾತ್ರೆ ಮೇಲೆ ಒಂದು ಪೆಗ್ ನಡೆಯುತ್ತಾ?

ಡಾಕ್ಟರ್: ಇಲ್ಲ. ಆಲ್ಪ್ರಜೋಲಾಮ್ ಜೊತೆ ಕುಡಿದು ಮಲಗಿದರೆ ಉಸಿರೇ ನಿಲ್ಲಬಹುದು.

ಕೋಲಾರ: ಮೇಲೆ ತುಂಬಾ ಉದ್ದ ಇದೆ. ಹೌದು, ಇಲ್ಲ ಅಂತ ಹೇಳಿದರೆ ಸಾಕು.

ಡಾಕ್ಟರ್: ಓದುವ ವ್ಯವಧಾನ ಇಲ್ಲದಿದ್ದರೆ ಯಾವ ಮಾತ್ರೆ ಅಂತ ನಾನು ಹೇಗೆ ಊಹಿಸಲಿ?

ಅರಸೀಕೆರೆ: ಮೇಡಂ, ಅಮ್ಮನನ್ನು ಸೇರಿಸಿಕೊಂಡರು. ಇಂಜೆಕ್ಷನ್ ಹಾಕಿದ್ದಾರೆ, ಮಲಗಿದ್ದಾರೆ. ಅಣ್ಣ ಹೊರಗೆ ಕೂತಿದ್ದಾನೆ.

ಡಾಕ್ಟರ್: ಒಳ್ಳೆಯದು. ರಾತ್ರಿ ಒಬ್ಬರು ಪಕ್ಕದಲ್ಲೇ ಇರಿ. ಮನೆಗೆ ಕಳಿಸುವಾಗ ಯಾವ ವಾರ ಎಷ್ಟು ಇಳಿಸಬೇಕು ಅಂತ ಬರೆಸಿಕೊಳ್ಳಿ. ಆ ಹಳೇ ಚೀಟಿ ಹರಿದುಹಾಕಿ. ನಾನು ಹೊರಡುತ್ತೇನೆ, ನಾಳೆ ಬೆಳಗ್ಗೆ ಒಪಿಡಿ ಇದೆ.

ಮೂಡಬಿದಿರೆ: ಮೇಡಂ, ನನ್ನ ಪ್ರಶ್ನೆ ನೋಡಲಿಲ್ಲ.

ಶಿರಸಿ: ಜಾಯಿಕಾಯಿ ಪೋಸ್ಟ್ ಯಾಕೆ ತೆಗೆದಿರಿ ಅಡ್ಮಿನ್? ಇಲ್ಲಿ ವಾಕ್ ಸ್ವಾತಂತ್ರ್ಯ ಇಲ್ಲವಾ?

ಬಳ್ಳಾರಿ: ಮೂಡಬಿದಿರೆಯವರೇ, ಮೇಡಂ ಹೋದರು ಅನ್ನಿಸುತ್ತದೆ. ಅತ್ತೆ ಹೇಳಿದರು ಅಂತ ಮಾತ್ರೆ ಬಿಡಬೇಡಿ, ಹಾಲನ್ನೂ ಬಿಡಬೇಡಿ. ಬರೆದುಕೊಟ್ಟವರಿಗೆ ಇವತ್ತೇ ಫೋನ್ ಮಾಡಿ ಕೇಳಿ. ಸಿಗದಿದ್ದರೆ 14416.