‘ದೊಡ್ಡ ಪ್ರಮಾಣದ ಭೂಪಟ’: ಮಕ್ಕಳಿಗೆ ಒಗ್ಗುವ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ. ಆರು, ಏಳನೇ ತರಗತಿಯ ಮಕ್ಕಳಿಗೆ ಭೂಪಟ ಓದುವುದನ್ನು ಹೇಳಿಕೊಡುತ್ತೇನೆ. ದಿಕ್ಕು, ಬಣ್ಣ, ಗುರುತುಗಳು ಅವರಿಗೆ ಬೇಗ ಬರುತ್ತವೆ. ಅಕ್ಷಾಂಶ, ರೇಖಾಂಶಗಳೂ ನಾಲ್ಕು ದಿನದ ಅಭ್ಯಾಸದಲ್ಲಿ ಹಿಡಿತಕ್ಕೆ ಸಿಗುತ್ತವೆ. ಎಡವುವುದು ‘ದೊಡ್ಡ ಪ್ರಮಾಣದ ಭೂಪಟ’, ‘ಸಣ್ಣ ಪ್ರಮಾಣದ ಭೂಪಟ’ ಎಂಬ ಎರಡು ಮಾತುಗಳಲ್ಲಿ. ಇಲ್ಲಿ ಪ್ರಮಾಣ ಅಂದರೆ ಭೂಪಟದ ಮೇಲಿನ ಉದ್ದ ನೆಲದ ಮೇಲಿನ ಉದ್ದದ ಎಷ್ಟನೇ ಒಂದು ಪಾಲು ಎಂಬ ಲೆಕ್ಕ; 1:10,000 ಅಂದರೆ ಹತ್ತು ಸಾವಿರದಲ್ಲಿ ಒಂದು ಪಾಲು.

ಎರಡು ಭೂಪಟ ಪಕ್ಕಪಕ್ಕ ಇಡುತ್ತೇನೆ. ಒಂದು ಊರಿನ ಬೀದಿಗಳದ್ದು, 1:10,000. ಇನ್ನೊಂದು ಇಡೀ ಪ್ರಪಂಚದ್ದು, 1:10,00,00,000. ದೊಡ್ಡ ಪ್ರಮಾಣದ್ದು ಯಾವುದು ಅಂತ ಕೇಳಿದರೆ ಹೆಚ್ಚಿನ ಬೆರಳುಗಳು ಪ್ರಪಂಚದ ಕಡೆಗೇ ಹೋಗುತ್ತವೆ. ಸರಿಯಾದ ಉತ್ತರ ಬೀದಿಗಳ ಭೂಪಟ. ಇದನ್ನು ಮಕ್ಕಳ ತಪ್ಪು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ‘ದೊಡ್ಡ ಪ್ರಮಾಣದ ನಷ್ಟ’, ‘ದೊಡ್ಡ ಪ್ರಮಾಣದಲ್ಲಿ ಮಳೆ’ ಅಂದರೆ ದಿನದ ಮಾತಿನಲ್ಲಿ ಜಾಸ್ತಿ ಅಂತಲೇ ಅರ್ಥ. ಹಾಗಾದರೆ ದೊಡ್ಡ ಪ್ರಮಾಣದ ಭೂಪಟದಲ್ಲಿ ಜಾಸ್ತಿ ಜಾಗ ಇರಬೇಕು, ಅಲ್ವಾ? ಮಗುವಿಗೆ ಕನ್ನಡ ಚೆನ್ನಾಗಿ ಗೊತ್ತಿರುವುದರಿಂದಲೇ ಉತ್ತರ ತಪ್ಪುತ್ತಿದೆ. ಸಾಲದ್ದಕ್ಕೆ 10 ಕೋಟಿ ಎನ್ನುವ ಅಂಕಿಯೂ ದೊಡ್ಡದು.

ಭಿನ್ನರಾಶಿ ನೆನಪಿಸಿದರೆ ಕೆಲವರಿಗೆ ಹೊಳೆಯುತ್ತದೆ. ಒಂದು ಹಣ್ಣನ್ನು 4 ಪಾಲು ಮಾಡಿದಾಗ ಸಿಗುವ ಹೋಳು 8 ಪಾಲು ಮಾಡಿದಾಗಿನದಕ್ಕಿಂತ ದೊಡ್ಡದು. ಹಾಗೆಯೇ 10,000ದಲ್ಲಿ ಒಂದು ಪಾಲು 10 ಕೋಟಿಯಲ್ಲಿ ಒಂದು ಪಾಲಿಗಿಂತ ದೊಡ್ಡದು. ಮೊದಲನೆಯದರಲ್ಲಿ 1 ಸೆಂ.ಮೀ. ಅಂದರೆ ನೆಲದ ಮೇಲೆ 100 ಮೀಟರ್. ಎರಡನೆಯದರಲ್ಲಿ 1,000 ಕಿ.ಮೀ. 40,075 ಕಿ.ಮೀ. ಸುತ್ತಳತೆಯ ಸಮಭಾಜಕ ವೃತ್ತ ಅಲ್ಲಿ ಸುಮಾರು 40 ಸೆಂ.ಮೀ. ಗೆರೆಯಾಗಿಬಿಡುತ್ತದೆ! ಲೆಕ್ಕ ಮಾಡಿದಾಗ ಒಪ್ಪುತ್ತಾರೆ. ಮಾರನೇ ದಿನ ಮಾತು ಕೇಳಿದ ಕೂಡಲೇ ಬೆರಳು ಮತ್ತೆ ಪ್ರಪಂಚಕ್ಕೆ ಹೋಗುತ್ತದೆ.

ಬೇರೆ ಪದಗಳನ್ನೂ ನೋಡಿದೆ. ‘ಸ್ಕೇಲ್’ ಅಂದರೆ ಕಂಪಾಸ್ ಬಾಕ್ಸ್‌ನಿಂದ ಗೆರೆ ಎಳೆಯುವ ಪಟ್ಟಿ ಹೊರಗೆ ಬರುತ್ತದೆ. ‘ಅಳತೆ’ ತಿಳಿಯಾಗಿದೆ, ಆದರೆ ಅದು ಉದ್ದ, ಅಗಲ, ತೂಕ ಎಲ್ಲಕ್ಕೂ ಆಗುತ್ತದೆ. ‘ಅನುಪಾತ’ ಗಣಿತದಲ್ಲಿ ಕಲಿತದ್ದೇ, ಆದರೂ ‘ದೊಡ್ಡ ಅನುಪಾತ’ ಅಂದಾಗ ಹಳೇ ತೊಂದರೆ ಹಾಗೇ ಉಳಿಯುತ್ತದೆ.

ಈಗ ನಾನು ‘ಕುಗ್ಗಿಸು’ ಎಂಬ ಮಾತು ಹಿಡಿದಿದ್ದೇನೆ. ‘ಇದು 10,000 ಪಟ್ಟು ಕುಗ್ಗಿಸಿದ ಭೂಪಟ, ಅದು 10 ಕೋಟಿ ಪಟ್ಟು ಕುಗ್ಗಿಸಿದ್ದು’ ಅನ್ನುತ್ತೇನೆ. ಹೆಚ್ಚು ಕುಗ್ಗಿಸಿದರೆ ಹೆಚ್ಚು ಜಾಗ ಹಿಡಿಸುತ್ತದೆ, ವಿವರ ಕಡಿಮೆಯಾಗುತ್ತದೆ. ಇದನ್ನು ಯಾರಿಗೂ ಎರಡು ಸಲ ಹೇಳಬೇಕಾಗಲಿಲ್ಲ. ತರಗತಿಯ ಕೋಣೆಯನ್ನೇ ಅಳೆಸಿ ಬರೆಸಿದೆ. 8 ಮೀಟರ್ ಗೋಡೆ 50 ಪಟ್ಟು ಕುಗ್ಗಿ ಪುಸ್ತಕದಲ್ಲಿ 16 ಸೆಂ.ಮೀ. ಆಯಿತು. 100 ಪಟ್ಟು ಕುಗ್ಗಿಸಿದಾಗ 8 ಸೆಂ.ಮೀ. ಆಯಿತು, ಕಿಟಕಿ ಬರೆಯಲು ಜಾಗ ಸಾಲದು ಅಂತ ಅವರೇ ದೂರಿದರು. ನನಗೆ ಬೇಕಿದ್ದದ್ದು ಆ ದೂರೇ.

ಆದರೆ ಒಂದು ತೊಡಕಿದೆ. ಕುಗ್ಗಿಸುವುದು ಹೆಚ್ಚಾದಷ್ಟೂ ಪ್ರಮಾಣ ಸಣ್ಣದು. ಎರಡು ಮಾತುಗಳೂ ಒಂದಕ್ಕೊಂದು ತಿರುಗುಮುರುಗು. ಮುಂದೆ ಹೈಸ್ಕೂಲಿನಲ್ಲಿ ‘ದೊಡ್ಡ ಪ್ರಮಾಣ’ ಎದುರಾದಾಗ ಮಕ್ಕಳು ಮತ್ತೆ ತಬ್ಬಿಬ್ಬಾದರೆ ಎಂಬ ಭಯ ನನಗಿದೆ. ‘ಕುಗ್ಗಳತೆ’ ಎಂದು ಒಂದೇ ಪದ ಮಾಡಿಕೊಂಡರೂ ಈ ತೊಡಕು ಹೋಗುವುದಿಲ್ಲ.

ಭೂಪಟದ ಕೆಳಗೆ ಕಿ.ಮೀ. ಗುರುತು ಹಾಕಿ ಎಳೆಯುವ ಗೆರೆಗೂ ಒಂದು ಪದ ಬೇಕು. ಭೂಪಟವನ್ನು ಜೆರಾಕ್ಸ್‌ನಲ್ಲಿ ದೊಡ್ಡದು ಮಾಡಿದರೆ 1:10,000 ಎಂಬ ಬರಹ ಸುಳ್ಳಾಗುತ್ತದೆ. ಈ ಗೆರೆ ಮಾತ್ರ ಭೂಪಟದ ಜೊತೆಗೇ ಹಿಗ್ಗಿ ಸರಿಯಾಗಿಯೇ ಉಳಿಯುತ್ತದೆ. ‘ಅಳತೆಗೆರೆ’ ಅನ್ನಬಹುದೇ? ‘ಅಳತೆಪಟ್ಟಿ’ ಅಂದರೆ ಮತ್ತೆ ಕಂಪಾಸ್ ಬಾಕ್ಸ್ ತೆರೆಯುತ್ತಾರೆ.

ಪಾಠ ಮಾಡುವವರು, ನೆಲ ಅಳೆಯುವ ಕೆಲಸದಲ್ಲಿರುವವರು ಇದ್ದರೆ ದಯವಿಟ್ಟು ಹೇಳಿ: ‘ದೊಡ್ಡ ಪ್ರಮಾಣ’ಕ್ಕೆ ನೀವು ಬಾಯಿಮಾತಿನಲ್ಲಿ ಏನು ಬಳಸುತ್ತೀರಿ?